ಎಳೆಯ ತುದಿ

ಖಲಂದರ್ ಸಾಬರು ಟ್ಯಾಬನ್ನು ತಂದದ್ದು ಟವೆಲಿನಲ್ಲಿ ಸುತ್ತಿ,
ಈಗಷ್ಟೇ ಮೀಯಿಸಿದ ಮಗುವಿನ ಹಾಗೆ.
ಬಿಚ್ಚಿದರೆ ಬೇಯಿಸಿದ ಗೂಡಿನ ವಾಸನೆ.
ಶಿಡ್ಲಘಟ್ಟದಲ್ಲಿ ಇದಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ,
ಮದುವೆ ಪತ್ರಿಕೆಗೂ ಇದೇ ವಾಸನೆ, ನೋಟಿಗೂ ಇದೇ.

"ಎಲ್ಲ ಅಳಿಸಿಬಿಡಮ್ಮ. ನಾಳೆ ಎಚ್ ಕ್ರಾಸಿನವರಿಗೆ ಕೊಡಬೇಕು."

ಅಳಿಸುವುದು ಸುಲಭ ಸಾಬರೇ, ಬೆರಳಿನ ಮೂರು ಒತ್ತು.
ಅದಕ್ಕೇ ನಾನು ಅದನ್ನು ಮೊದಲು ಮಾಡುವುದಿಲ್ಲ.

ಚಾರ್ಜಿಗೆ ಹಾಕಿದೆ. ಹದಿನೇಳು ಇತ್ತು.
ಅರ್ಧದಲ್ಲಿ ಜೀವ ಹೋದರೆ ಬರೀ ಹಲಗೆ,
ಮಣೆ ಮಾಡಿಕೊಂಡು ಕೂರಬೇಕಷ್ಟೆ.
ಸೂಜಿ ಚುಚ್ಚಿ ಸಿಮ್ಮು ತೆಗೆದೆ, ಉಗುರಷ್ಟಗಲದ ಮೆಮೊರಿ ಕಾರ್ಡು ತೆಗೆದೆ,
ಎರಡನ್ನೂ ಬೆಂಕಿಪೊಟ್ಟಣಕ್ಕೆ ಹಾಕಿ ಅವರ ಜೇಬಿಗೇ ಇಳಿಸಿದೆ.
ಚಹಾ ಬಂತು.

ಒಳಗೇನಿದೆ ಓದು ಅಂದರು.
ಏಳು ವರ್ಷದ ಲಾಟುಗಳು. ಯಾವ ಊರಿನ ಹಳದಿ, ಯಾರ ಮನೆಯ ಬಿಳಿ,
ಮಳೆಗೆ ನೆಂದು ಎಳೆ ಹರಿದ ಗೂಡು ಎಷ್ಟು ಕೆಜಿ,
ಮುಂಗಡ ತಗೊಂಡು ಕೆಲಸಕ್ಕೆ ಬಾರದ ಹನ್ನೊಂದು ಹೆಸರು,
ಎದುರಿಗೆ ಮೊತ್ತ.
"ಕಾಪಿ ತೆಗೆದಿಡಲಾ?"
ಲೋಟದ ತಳ ನೋಡಿದರು.
"ಒಬ್ಬಳದು ಬರಕೊಡು. ಮೆಹತಾಬ್ ಬಿ, ನಾನೂರು.
ಅದು ನಾನೇ ಅವಳಿಗೆ ಕೊಡಬೇಕಾದ್ದು. ಉಳಿದದ್ದು ಹೋಗಲಿ."
ಹಳೆಯ ರೀಚಾರ್ಜು ಚೀಟಿಯ ಬೆನ್ನಿಗೆ ಬರೆದುಕೊಟ್ಟೆ.

ಆಮೇಲೆ ಅಸಲು ಮಾತು.
ಈ ಯಂತ್ರಕ್ಕೊಂದು ಹಟ: ಎಲ್ಲ ಮರೆಸಿದರೂ
ಎದ್ದು ಕೂತು ಕೇಳುತ್ತದೆ,
ಮೊದಲು ನನ್ನನ್ನು ಹಿಡಿದವರು ಯಾರು?
ಆ ಖಾತೆ ಬಿಡಿಸದೆ ಅಳಿಸಿದಿರೋ,
ಎಚ್ ಕ್ರಾಸಿನವರು ನಾಡಿದ್ದು ನಿಮ್ಮ ಬಾಗಿಲಲ್ಲಿ.
ನಿಮಗೆ ನಾನು ಹೇಳಬೇಕೇ,
ತುದಿ ಸಿಕ್ಕದೆ ಗೂಡು ಬಿಚ್ಚಿದರೆ
ಕೈಗೆ ಬರುವುದು ನೂಲಲ್ಲ, ಗೋಜಲು.

"ಪಾಸ್‌ವರ್ಡು?"
"ನನಗೆಲ್ಲಿಯದು! ಖಾತೆ ಮಾಡಿಕೊಟ್ಟವನು ಚೆಂಗಲರಾಯ,
ಆಗ ನಮ್ಮಲ್ಲಿ ಲೆಕ್ಕ ಬರೀತಿದ್ದ ಹುಡುಗ."

ಚೆಂಗಲರಾಯ ಈಗ ಮುಳಬಾಗಿಲಲ್ಲಿ ಟೈರು ಮಾರುತ್ತಾನೆ.
ಫೋನಿನ ಹಿಂದೆ ಗಾಳಿ ತುಂಬುವ ಮಿಷನ್ನು.
ಸಂಗತಿ ಹೇಳಿದೆ. ಮಿಷನ್ನೂ ಸುಮ್ಮನಾಯಿತು.
"ಅಕ್ಕಾ, ಸ್ಪೀಕರ್ ತೆಗಿ."
ತೆಗೆದೆ.
"ಸಾಬರು ಪಕ್ಕದಲ್ಲೇ ಇದಾರಾ?"
ಸಾಬರು ಬೀದಿ ನೋಡುತ್ತಿದ್ದರು,
ಗೂಡಿನ ಚೀಲ ಹೇರಿಕೊಂಡ ಆಟೋ ಒಂದು ಗುಂಡಿ ಹಾರುತ್ತಿತ್ತು.
ಒಂದೊಂದೇ ಅಕ್ಷರ ಹೇಳಿದ, ಉಸಿರಿನಲ್ಲಿ.
ಒಂದೊಂದೇ ಒತ್ತಿದೆ.
ಒಂದು ಹೆಣ್ಣಿನ ಹೆಸರು, ಕೊನೆಗೊಂದು ಇಸವಿ.

ಏಳು ವರ್ಷ, ಪ್ರತಿ ದರ, ಪ್ರತಿ ಲಾಟು
ಅವಳ ಹೆಸರಿನ ಬೀಗದ ಒಳಗೆ ಮಲಗಿ ಎದ್ದಿದೆ,
ಸಾಬರಿಗೆ ತಿಳಿಯದೆ.
ಅವಳಿಗೂ ತಿಳಿಯದೆ, ಬಹುಶಃ.

ಖಾತೆ ಬಿಡಿಸಿದೆ. ಆಮೇಲೆ ಮೂರು ಒತ್ತು.
ಕಪ್ಪು. ತಿರುಗುವ ಒಂದು ಬೆಳಕಿನ ಉಂಗುರ.
ಅಷ್ಟರಲ್ಲಿ ಕರೆಂಟು ಹೋಯಿತು, ಬೀದಿಯ ರಾಟೆಗಳೆಲ್ಲ ನಿಂತವು.
ಉಂಗುರ ಮಾತ್ರ ತಿರುಗುತ್ತಲೇ ಇತ್ತು,
ತೊಂಬತ್ತೊಂದರ ಜೋರಿನಲ್ಲಿ.
ಚಹಾ ಯಾಕೆ ಮೊದಲು ಎಂದು ಸಾಬರಿಗೆ ಆಗ ಹೊಳೆದಿರಬೇಕು,
ನನ್ನ ಕಡೆ ತಿರುಗಿ ಗಡ್ಡ ಸವರಿಕೊಂಡರು.

ಎದ್ದಿತು. ಭಾಷೆ ಯಾವುದು ಅಂತ ಕೇಳಿತು.
ಬೆರಳು ಚಾಚಿದವರು ಹಿಂದೆಗೆದರು:
"ಬೇಡ, ಅದನ್ನ ಅವರೇ ಒತ್ತಲಿ."
ನೂರೈವತ್ತು ಕೊಟ್ಟರು. ಟವೆಲಿನಲ್ಲಿ ಮತ್ತೆ ಸುತ್ತಿಕೊಂಡರು.
ಮೆಟ್ಟಿಲಿಳಿಯುವಾಗ ಬೆಂಕಿಪೊಟ್ಟಣದ ಜೇಬು ಒಮ್ಮೆ,
ಚೀಟಿಯ ಜೇಬು ಒಮ್ಮೆ ಮುಟ್ಟಿಕೊಂಡರು.

ರಾತ್ರಿ ಶಟರು ಎಳೆಯುವಾಗ ಮುಳಬಾಗಿಲಿನಿಂದ ಕರೆ.
"ಅಕ್ಕಾ, ಅದನ್ನ ಮರೆತಿರಾ?"

"ಯಾವುದನ್ನ?" ಎಂದೆ.